ಗೆರೆಯಕ್ಕನ ಏಳು ಮೀಟರ್ ಎಂಬತ್ತೆರಡು

ಗೆರೆಯಕ್ಕ ಎಡಗಣ್ಣು ಮುಚ್ಚಿದಳೆಂದರೆ ಊರಿನ ಸೊಟ್ಟಗಳೆಲ್ಲ ಅಡಗಲು ಜಾಗ ಹುಡುಕುತ್ತವೆ. ಅವಳೇನೂ ಮಂತ್ರ ಹಾಕುವುದಿಲ್ಲ. ಗದ್ದ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅರ್ಧ ತೆರೆದು ಎದುರಿಗಿದ್ದುದನ್ನು ಒಮ್ಮೆ ನೋಡುತ್ತಾಳೆ, ಅಷ್ಟೇ. ಆ ನೋಟಕ್ಕೆ ಸಿಕ್ಕಿದ ಗಾರೆ ಮೇಸ್ತ್ರಿಯೊಬ್ಬ ಅರ್ಧ ಎದ್ದ ಗೋಡೆಯನ್ನು ತಾನೇ ಒದ್ದು ಕೆಡವಿದ್ದುಂಟು. ಒಂದು ಮದುವೆಯಲ್ಲಿ ಮದುಮಗನ ಮೀಸೆಯ ಮುಂದೆ ಅವಳ ಎಡಗಣ್ಣು ಮುಚ್ಚಿತು. ಅವನು ಕನ್ನಡಿ ತರಿಸಿಕೊಂಡು ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಕತ್ತರಿಸುತ್ತ ಹೋಗಿ, ಸಮಾನತೆ ಸಾಧಿಸುವ ಹೊತ್ತಿಗೆ ಮೀಸೆಯೇ ಉಳಿದಿರಲಿಲ್ಲ. ಅವಳು ಹಲ್ಲು ತೋರಿಸಲು ಹೋದಾಗ ಡಾಕ್ಟರೇ ತಮ್ಮ ಬಾಯಿ ಮುಚ್ಚಿಕೊಂಡರಂತೆ. ಪೇಟೆಯ ಗಡಿಯಾರದ ಗೋಪುರ ಅವಳು ಕೆಳಗೆ ನಿಂತು ನೋಡಿದ ದಿನ ಅರ್ಧ ಇಂಚು ಸೆಟೆದು ನಿಂತಿತು ಎಂದು ಹಾಲಿನವನು ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ. ಹಾಲಿನವನ ಆಣೆಯಲ್ಲಿ ಎಷ್ಟು ನೀರು ಬೆರೆತಿದೆ ಎಂದು ನಾನು ಅಳೆದು ನೋಡಿಲ್ಲ.

ಈ ಮಹಿಮೆಯ ಮೂಲ ಸರಳವಾದದ್ದು. ನಗರಸಭೆಯ ರಸ್ತೆ ವಿಭಾಗದಲ್ಲಿ ಗೆರೆ ಹಾಕುವುದು ಅವಳ ಕೆಲಸ. ದಾರಿಯ ನಡುವಿನ ತುಂಡು ಗೆರೆ, ಅಂಚಿನ ಉದ್ದ ಗೆರೆ, ಜನ ದಾಟುವ ಪಟ್ಟೆ, ಸಿಗ್ನಲ್ಲಿನ ಮುಂದೆ ಗಾಡಿಗಳು ನಿಲ್ಲುವ ಅಡ್ಡಗೆರೆ, ಎಲ್ಲವೂ ಮೂವತ್ತೊಂದು ವರ್ಷಗಳಿಂದ ಅವಳ ಕೈಯವೇ. ಸುಣ್ಣದ ಪುಡಿ ಮೆತ್ತಿದ ಹಗ್ಗವನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ಪೆಂದು ರಸ್ತೆಯ ಮೇಲೆ ಗುರುತು ಬೀಳುತ್ತದೆ. ಆ ಗುರುತಿನ ಮೇಲೆ, ಕುದಿಯುವ ಬಣ್ಣ ತುಂಬಿದ ತಳ್ಳುಗಾಡಿಯನ್ನು ಹಿಮ್ಮುಖವಾಗಿ ಎಳೆಯಬೇಕು. ಬಣ್ಣ ಹಸಿಯಿರುವಾಗಲೇ ಸಣ್ಣ ಗಾಜಿನ ಮಣಿ ಉದುರಿಸಬೇಕು, ಗಾಡಿಗಳ ದೀಪಕ್ಕೆ ಹೊಳೆಯಲು. ಹಗ್ಗದ ಇನ್ನೊಂದು ತುದಿ ಹಿಡಿಯುವವನು ಡಬ್ಬಿಯಣ್ಣ. ಐವತ್ತು ದಾಟಿದ, ಬಣ್ಣದ ಡಬ್ಬಿಗಳನ್ನು ಹೊರುವ, ಟೈ ಕಟ್ಟಿದ ಯಾರನ್ನು ಕಂಡರೂ ಡಬ್ಬಿಯ ಹಿಂದೆ ಸರಿಯುವ ಮನುಷ್ಯ.

ಕೆಂಪು ದೀಪಕ್ಕೆ ಕ್ಯಾರೇ ಅನ್ನದ ಚಾಲಕರೂ ಗೆರೆಯಕ್ಕನ ಗೆರೆಗೆ ಹೆದರುತ್ತಾರೆ. ಹೆದರಿಕೆ ಶುರುವಾದದ್ದು ನಗರಸಭೆಯ ಅಧ್ಯಕ್ಷರ ಕಾರಿನಿಂದ. ಅದು ಒಂದು ದಿನ ಸಿಗ್ನಲ್ಲಿನಲ್ಲಿ ಗೆರೆ ತುಳಿದು ನಿಂತಿತು. ಗೆರೆಯಕ್ಕ ಹೋಗಿ ಗಾಜು ಬಡಿದಳು.

"ಸಾರ್, ನಿಮ್ಮ ಮುಂದಿನ ಚಕ್ರ ನನ್ನ ಗೆರೆ ಮೇಲಿದೆ."

"ಒಂದು ಗೇಣು ತಾನೇ ಅಮ್ಮಾ?"

"ಒಂದೇ ಗೇಣು ಸಾರ್. ಹಿಂದೆ ಹೋಗೋದೂ ಒಂದೇ ಗೇಣು."

ಅಧ್ಯಕ್ಷರು ಹಿಂದೆ ಹೋದರು. ಅವರ ಹಿಂದಿದ್ದ ಬಸ್ಸು ಹಿಂದೆ ಹೋಯಿತು. ಬಸ್ಸಿನ ಹಿಂದಿದ್ದವರೆಲ್ಲ ಸರಪಳಿಯಂತೆ ಹಿಂದೆ ಹೋದರು. ಅಂದಿನಿಂದ ಊರಿನ ಚಾಲಕರಿಗೆ ಬಿಳಿ ಅಡ್ಡಗೆರೆಯೆಂದರೆ ಗೆರೆಯಕ್ಕನೇ ಅಡ್ಡ ಮಲಗಿದಂತೆ.

ಇಷ್ಟೆಲ್ಲ ಪ್ರತಾಪವಿದ್ದೂ ಅವಳಿಗೊಂದು ಕೊರಗಿತ್ತು. ರಸ್ತೆಯ ಗೆರೆಗೆ ಒಂದೂವರೆ ವರ್ಷದ ಆಯಸ್ಸು. ಆಮೇಲೆ ಟೈರು ಅದನ್ನು ತಿಂದು ಮುಗಿಸುತ್ತದೆ. ನಿವೃತ್ತಿಗೆ ಹತ್ತು ತಿಂಗಳು ಬಾಕಿಯಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ ಗಂಡನಿಗೆ ಹೇಳಿದಳು. ಗಂಡ ಬೀಗ ರಿಪೇರಿಯವನು. ಮಾತೂ ಬೀಗದಷ್ಟೇ ಬಿಗಿ.

"ನೀವು ರಿಪೇರಿ ಮಾಡಿದ ಬೀಗ ಇಪ್ಪತ್ತು ವರ್ಷ ಬಾಳುತ್ತೆ ರೀ. ನಾನು ಮನೆಗೆ ಬಂದು ಕೂತ ಎರಡೇ ವರ್ಷಕ್ಕೆ ಈ ಊರಲ್ಲಿ ನಾನು ಹಾಕಿದ ಒಂದು ಗೆರೆನೂ ಇರಲ್ಲ."

"ಹೂಂ," ಎಂದ ಗಂಡ.

"ಒಂದಾದ್ರೂ ಉಳೀಬೇಕು."

ಗಂಡ ಬಾಯಿ ಬಿಡುವ ಮೊದಲು ಒಳಕೋಣೆಯಿಂದ ಎಂಬತ್ತರ ಅತ್ತೆಯ ದನಿ ಬಂತು. "ನನ್ನ ಮುಖದ ಮೇಲೆ ಬೇಕಾದಷ್ಟಿವೆ, ಬಂದು ನೋಡ್ಕೋ! ಅರ್ಧ ನೀನೇ ಹಾಕಿದ್ದು."

ಅದೇ ವಾರ ಪ್ರಕಟಣೆ ಹೊರಬಿತ್ತು. ಇನ್ನು ಎಂಟು ತಿಂಗಳಿಗೆ ಇಡೀ ಪ್ರಾಂತ್ಯದ ದೊಡ್ಡ ಕ್ರೀಡಾಕೂಟ ನಮ್ಮೂರಿನಲ್ಲಿ ನಡೆಯಲಿದೆ; ಅದರ ಸಂಭ್ರಮಕ್ಕೆ ಊರಿನ ಒಂಬತ್ತು ಜಾಗಗಳಲ್ಲಿ ಸಾರ್ವಜನಿಕ ಕಲಾಕೃತಿಗಳನ್ನು ನಿಲ್ಲಿಸಲಾಗುವುದು; ಕಲಾವಿದರು, ಸಂಸ್ಥೆಗಳು ಮತ್ತು ನಾಗರಿಕರು ಪ್ರಸ್ತಾವನೆ ಸಲ್ಲಿಸಬಹುದು. ನಗರಸಭೆಯ ಬಾಗಿಲ ಮುಂದೆ ಗಾಡಿ ನಿಲ್ಲಿಸುವ ಗೆರೆ ಹಾಕುತ್ತಿದ್ದ ಗೆರೆಯಕ್ಕ ನಡು ನೆಟ್ಟಗೆ ಮಾಡಿಕೊಳ್ಳಲು ಎದ್ದು ನಿಂತಾಗ ಫಲಕದಲ್ಲಿ ಇದನ್ನು ಓದಿದಳು. 'ನಾಗರಿಕರು' ಎಂಬಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಕಾಗದದ ಮೇಲೆ ಬಿಳಿ ಬೆರಳಚ್ಚು ಉಳಿಯಿತು.

ಏನು ಮಾಡಬೇಕೆಂದು ಮಾತ್ರ ಆಗ ಅವಳಿಗೆ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟ ಕೀರ್ತಿ ನಮ್ಮ ನಲ್ಲಿ ರಿಪೇರಿಯವನದು. ಚಹಾದ ಅಂಗಡಿಯ ಟಿ.ವಿ.ಯಲ್ಲಿ ಹಿಂದಿನ ಕೂಟದ ಉದ್ದಜಿಗಿತ ತೋರಿಸುತ್ತಿದ್ದರು. ಗೆದ್ದವನು ಜಿಗಿದದ್ದು ಏಳು ಮೀಟರ್ ಎಂಬತ್ತೆರಡು ಸೆಂಟಿಮೀಟರ್. ನಲ್ಲಿಯವನು ಲೋಟ ಕೆಳಗಿಟ್ಟು, "ಇದೇನ್ ಮಹಾ! ಮೋರಿ ದಾಟಿದ ಹಾಗಿದೆ. ನನ್ನ ಮಂಡಿ ಒಂದು ಸರಿ ಇದ್ದಿದ್ರೆ…" ಎಂದ.

ಗೆರೆಯಕ್ಕ ಚಹಾ ಬಿಟ್ಟು ಎದ್ದಳು. ಅಂಗಡಿಯ ಮುಂದಿನ ಓಣಿಯ ಟಾರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಟೇಪಿನ ತುದಿಯನ್ನು ನಲ್ಲಿಯವನ ಕೈಗೆ ಕೊಟ್ಟು ನಡೆದಳು. ಪಕ್ಕದ ಜೆರಾಕ್ಸ್ ಅಂಗಡಿ ಬಂತು.

"ಅಲ್ಲೇ ತಾನೇ?" ಎಂದು ಕೂಗಿದ ನಲ್ಲಿಯವನು.

"ಇನ್ನೂ ಇದೆ."

ಜೆರಾಕ್ಸ್ ಅಂಗಡಿ ಮುಗಿಯಿತು. ಕ್ಷೌರದಂಗಡಿಯ ಮೆಟ್ಟಿಲು ಬಂತು. ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೊಬ್ಬ ಹೊರಗೆ ಬಂದು ನೋಡಿದ. ಕ್ಷೌರದಂಗಡಿಯ ಬಾಗಿಲು ದಾಟಿದ ಮೇಲೆ ಅವಳು ಕುಕ್ಕರುಗಾಲಲ್ಲಿ ಕೂತು ಎರಡನೆಯ ಗೆರೆ ಎಳೆದಳು. ನಲ್ಲಿಯವನು ಈ ಗೆರೆಯಿಂದ ಆ ಗೆರೆಯನ್ನು ನೋಡಿದ. ಮಂಡಿಯ ಸಮಾಚಾರ ಮತ್ತೆ ಎತ್ತಲಿಲ್ಲ.

"ಇಷ್ಟನ್ನೂ ಒಬ್ಬ ಮನುಷ್ಯ ಹಾರಿದ್ನಾ?"

"ಒಂದೇ ಸಲಕ್ಕೆ."

ಆ ಹೊತ್ತು ಅಂಗಡಿಯಲ್ಲಿದ್ದವರೆಲ್ಲ ಅರ್ಧ ಲೋಟ ಚಹಾ ಬಿಟ್ಟು ಗೆರೆ ನೋಡಲು ಬೀದಿಗೆ ಬಂದರು. ಅಲ್ಲಿನ ಚಹಾ ಕುಡಿದು ಗೊತ್ತಿರುವವರಿಗೆ ಇದು ಎಂಥ ಪವಾಡವೆಂದು ಬೇರೆ ಹೇಳಬೇಕಿಲ್ಲ. ಗೆರೆಯಕ್ಕ ಟೇಪು ಸುತ್ತಿಕೊಂಡು ಸೀದಾ ನಗರಸಭೆಗೆ ಹೋದಳು. ಟಿ.ವಿ.ಯಲ್ಲಿ ಅಂಗೈಯಗಲ ಕಾಣುವುದನ್ನು ಬೀದಿಯಲ್ಲಿ ಇದ್ದಷ್ಟೇ ಉದ್ದಕ್ಕೆ ಹಾಕಬೇಕು. ಅದೇ ಅವಳ ಕಲಾಕೃತಿ.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಕನ್ನಡಕವನ್ನು ಹಣೆಗೆ ಏರಿಸಿದ. "ಗೆರೆಯಕ್ಕಾ, ಇದು ಕಲಾವಿದರಿಗೆ."

"ನಾಗರಿಕರು ಅಂತಾನೂ ಇದೆ ನೋಡಿ."

"ಅದನ್ನ ಸುಮ್ನೆ ಹಾಕೋದು. ಎಲ್ಲಾ ಪ್ರಕಟಣೆಲೂ ಹಾಕ್ತೀವಿ."

"ನಾನು ಸುಮ್ನೆ ಬಂದಿಲ್ಲ. ಕೊಡಿ ಫಾರಂ."

'ಹಿಂದಿನ ಕೃತಿಗಳು' ಎಂಬಲ್ಲಿ ಅವಳು 'ಮುಖ್ಯ ರಸ್ತೆ, ಎರಡೂ ಬದಿ' ಎಂದು ಬರೆದಳು. 'ಎಲ್ಲಿ ಪ್ರದರ್ಶನಗೊಂಡಿವೆ' ಎಂಬಲ್ಲಿ 'ನೀವು ಇವತ್ತು ಆಫೀಸಿಗೆ ಬರುವಾಗ ದಾಟಿದಿರಿ' ಎಂದು ಬರೆದಳು. 'ಪರಿಕಲ್ಪನೆ, ಐನೂರು ಪದಗಳಿಗೆ ಮೀರದಂತೆ' ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದಳು: 'ಹಿಂದಿನ ಕೂಟದಲ್ಲಿ ಗೆದ್ದವರು ಎಷ್ಟು ಹಾರಿದರೋ ಅಷ್ಟನ್ನು ಬೀದಿಯಲ್ಲಿ ಗೆರೆ ಹಾಕಿ ತೋರಿಸುವುದು.'

ಗುಮಾಸ್ತ ಎಣಿಸಿದ. "ಹತ್ತೇ ಪದ. ಇನ್ನೂ ನಾನೂರ ತೊಂಬತ್ತು ಉಳಿದಿದೆಯಲ್ಲ?"

"ನೀವೇ ಇಟ್ಕೊಳ್ಳಿ."

ಬಂದದ್ದು ನಲವತ್ತಾರು ಪ್ರಸ್ತಾವನೆ. ಮೂವತ್ತರಲ್ಲಿ ಪಂಜು ಉರಿಯುತ್ತಿತ್ತು. ಹದಿನೆಂಟು ಅಡಿಯ ಉಕ್ಕಿನ ಮುಷ್ಟಿಯೊಂದಿತ್ತು. ತಲೆಯಿಲ್ಲದ ಓಟಗಾರನೊಬ್ಬನಿದ್ದ, ಅವನು ಎಲ್ಲರನ್ನೂ ಪ್ರತಿನಿಧಿಸುವುದರಿಂದ ತಲೆ ಅನಗತ್ಯ ಎಂದು ಶಿಲ್ಪಿ ವಿವರಿಸಿದ್ದ. ನಗರಸಭೆಯ ಸದಸ್ಯರು ಈ ಮಾತಿಗೆ ತಲೆದೂಗಿದರಂತೆ. ಗೆದ್ದವರ ಆಕಾರದಲ್ಲಿ ನೀರು ಚಿಮ್ಮಿಸುವ ಕಾರಂಜಿಯಿತ್ತು. ಇವುಗಳ ನಡುವೆ ಗೆರೆಯಕ್ಕನ ಹತ್ತು ಪದ. ಆಯ್ಕೆ ಸಮಿತಿಯ ಅಧ್ಯಕ್ಷೆ ನಿವೃತ್ತ ಪ್ರಾಂಶುಪಾಲೆ. ಊರೆಲ್ಲ ಅವರನ್ನು ದೊಡ್ಡ ಮೇಡಂ ಎನ್ನುತ್ತದೆ. ನಲವತ್ತೈದು ಪರಿಕಲ್ಪನೆಗಳನ್ನು ಪೂರ್ತಿ ಓದಿದ ಆಯಾಸಕ್ಕೋ ಏನೋ, ಅವರು ಆ ಹತ್ತು ಪದದ ಕಾಗದವನ್ನು ಪಕ್ಕಕ್ಕೆ ತೆಗೆದಿಟ್ಟರು. ಕೊನೆಗೆ ಒಂಬತ್ತು ಜಾಗಕ್ಕೆ ಹತ್ತು ಮಂದಿ ಉಳಿದರು. ಒಂದು ಭಾನುವಾರ ಹತ್ತೂ ಮಂದಿ ತಮ್ಮ ತಮ್ಮ ಜಾಗದಲ್ಲಿ ಮಾದರಿ ಮಾಡಿ ತೋರಿಸಬೇಕು. ಸಮಿತಿ ವ್ಯಾನಿನಲ್ಲಿ ಬಂದು ನೋಡಿ ಒಬ್ಬರನ್ನು ಕೈಬಿಡುತ್ತದೆ. ಆ ಒಬ್ಬರು ಯಾರೆಂಬ ಬಗ್ಗೆ ಊರಿನಲ್ಲಿ ಪಂಥ ಕಟ್ಟಲು ಕೂಡ ಯಾರೂ ಮುಂದೆ ಬರಲಿಲ್ಲ.

"ನಮ್ಮನ್ನೇ ಬಿಡ್ತಾರೆ ಅಕ್ಕಾ," ಎಂದ ಡಬ್ಬಿಯಣ್ಣ.

"ಬಿಟ್ರೆ ಬಿಡ್ಲಿ. ನೋಡಿ ಬಿಡ್ಲಿ. ಹಗ್ಗ ಹಿಡಿ."

ಅವಳಿಗೆ ಕೊಟ್ಟದ್ದು 'ಗ್ರಂಥಾಲಯದ ಮುಂದಿನ ಜಾಗ'. ಭಾನುವಾರ ಬೆಳಿಗ್ಗೆ ಆರಕ್ಕೆ ರಸ್ತೆಯ ಒಂದು ಭಾಗಕ್ಕೆ ಕೆಂಪು ಶಂಕುಗಳನ್ನಿಟ್ಟು ಕೆಲಸ ಶುರುವಾಯಿತು. ಜಿಗಿಯುವ ಗೆರೆ ಒಂದು. ಅಲ್ಲಿಂದ ಏಳು ಮೀಟರ್ ಎಂಬತ್ತೆರಡಕ್ಕೆ ಇಳಿಯುವ ಗೆರೆ ಇನ್ನೊಂದು. ಒಂದೊಂದೂ ರಸ್ತೆಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿಗೆ. ಎಂಟೂವರೆಗೆ ಒಂದು ಬದಿ, ಒಂಬತ್ತೂವರೆಗೆ ಇನ್ನೊಂದು ಬದಿ ಮುಗಿಯಿತು. ಬಣ್ಣ ಗಟ್ಟಿಯಾದೊಡನೆ ಡಬ್ಬಿಯಣ್ಣ ನಿಯಮದಂತೆ ಶಂಕುಗಳನ್ನು ಎತ್ತಿದ.

ಮೊದಲು ಬಂದದ್ದು ಒಂದು ಬಸ್ಸು. ಜಿಗಿಯುವ ಗೆರೆಯ ಮುಂದೆ ಬಂದು ಮರ್ಯಾದೆಯಿಂದ ನಿಂತಿತು. ಎದುರಿನಿಂದ ನೀರಿನ ಟ್ಯಾಂಕರು ಬಂತು. ಇಳಿಯುವ ಗೆರೆಯ ಮುಂದೆ ಅದೂ ನಿಂತಿತು. ಬಸ್ಸಿನ ಹಿಂದೆ ಮೂರು ಬೈಕು, ಒಂದು ಕಾರು. ಟ್ಯಾಂಕರಿನ ಹಿಂದೆ ಇನ್ನಷ್ಟು. ನಡುವೆ ಏಳು ಮೀಟರ್ ಎಂಬತ್ತೆರಡು ಸೆಂಟಿಮೀಟರ್ ಬರಿ ರಸ್ತೆ. ಎರಡು ಸೈನ್ಯಗಳು ಎದುರುಬದುರು ನಿಂತು ಯಾರು ಮೊದಲು ಬಾಣ ಬಿಡುತ್ತಾರೋ ಎಂದು ಕಾಯುವಂತೆ ಕಾದವು.

ಬಸ್ಸಿನ ಚಾಲಕ ತಲೆ ಹೊರಗೆ ಹಾಕಿದ. "ಅಕ್ಕಾ, ಯಾವಾಗ ಬಿಡ್ತೀರಿ?"

"ಏನು ಬಿಡೋದು? ಹೋಗಪ್ಪಾ."

"ಗೆರೆ ಹಾಕಿದೀರಲ್ಲ?"

"ಅದು ಉದ್ದಜಿಗಿತ! ನಿನಗಲ್ಲ, ಹೋಗು."

"ಆಮೇಲೆ ಚಕ್ರ ಗೆರೆ ಮೇಲಿದೆ ಅಂತ ಹಿಂದೆ ಕಳಿಸ್ತೀರಿ. ಅಧ್ಯಕ್ಷರನ್ನೇ ಬಿಟ್ಟಿಲ್ಲ ನೀವು. ನನಗ್ಯಾಕೆ ಬೇಕು, ಟ್ಯಾಂಕರ್ ಮೊದಲು ಹೋಗ್ಲಿ."

"ನಾನ್ಯಾಕೆ ಹೋಗ್ಲಿ?" ಎಂದು ಟ್ಯಾಂಕರಿನವನು ಅಲ್ಲಿಂದಲೇ ಕೂಗಿದ. "ನನಗೂ ಹೆಂಡತಿ ಮಕ್ಕಳಿದಾರೆ."

ಆಗ ಗೆರೆಯಕ್ಕ ತನ್ನ ಗೆರೆಯನ್ನು ಸರಿಯಾಗಿ ನೋಡಿದಳು. ಒಂದಡಿ ಅಗಲ, ಅಪ್ಪಟ ಬಿಳಿ, ಮೇಲೆ ಗಾಜಿನ ಮಣಿ. ಅವಳು ಹಾಕಿದ್ದು ಜಿಗಿತದ ಗೆರೆಯಲ್ಲ. ಗಾಡಿ ನಿಲ್ಲಿಸುವ ಗೆರೆ. ಮೂವತ್ತೊಂದು ವರ್ಷ ರಸ್ತೆಗೆ ಅಡ್ಡಲಾಗಿ ಇನ್ನಾವ ಗೆರೆಯನ್ನೂ ಹಾಕಿ ಗೊತ್ತಿಲ್ಲದ ಕೈ ತನ್ನಷ್ಟಕ್ಕೆ ತನಗೆ ಬಂದದ್ದನ್ನು ಮಾಡಿ ಮುಗಿಸಿತ್ತು. ಎರಡು ಸಲ, ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ.

ಸಮಿತಿಯ ವ್ಯಾನು ಬಸ್ಸಿನ ಹಿಂದೆ ಹದಿನೇಳನೆಯದಾಗಿ ಸಿಕ್ಕಿಕೊಂಡಿತ್ತು. ಸದಸ್ಯರು ಇಳಿದು ಹಾರನ್ನುಗಳ ನಡುವೆ ನಡೆದು ಬಂದರು. ಮುಂದೆ ನಗರಸಭೆಯ ಎಂಜಿನಿಯರು, ಟೈ ಸಮೇತ. ಡಬ್ಬಿಯಣ್ಣ ಡಬ್ಬಿಯ ಹಿಂದೆ ಮಾಯವಾದ.

"ಯಾರ್ರೀ ಇಲ್ಲಿ ಸ್ಟಾಪ್ ಲೈನ್ ಹಾಕೋಕೆ ಹೇಳಿದ್ದು? ಸಿಗ್ನಲ್ ಇಲ್ಲ, ಸರ್ಕಲ್ ಇಲ್ಲ!"

"ತಪ್ಪು ನನ್ನದೇ ಸಾರ್. ಅಗಲ ಜಾಸ್ತಿ ಆಯ್ತು."

"ಎಲ್ಲಾ ಕೆರೆದು ತೆಗೀರಿ. ಈಗಲೇ!"

ದೊಡ್ಡ ಮೇಡಂ ಮಾತ್ರ ಬಸ್ಸಿನ ಮೂತಿಗೂ ಟ್ಯಾಂಕರಿನ ಮೂತಿಗೂ ನಡುವೆ ಇದ್ದ ಖಾಲಿ ಜಾಗವನ್ನು ನೋಡುತ್ತ ನಿಂತಿದ್ದರು. "ಇಷ್ಟೊಂದು ದೂರವಾ?" ಎಂದರು, ಯಾರಿಗೋ ಅಲ್ಲ, ತಮಗೇ.

"ಮೇಡಂ, ಇನ್ನೂ ಒಂಬತ್ತು ಕಡೆ ಹೋಗ್ಬೇಕು," ಎಂದರು ಎಂಜಿನಿಯರು. "ಇದನ್ನ ಪಟ್ಟಿಯಿಂದ ತೆಗೆಯೋಣ."

"ಪಟ್ಟಿ ಎಷ್ಟು ಹೊತ್ತಿಗೆ ಬರೀತೀರಿ ಸಾರ್?" ಎಂದು ಗೆರೆಯಕ್ಕ ಕೇಳಿದಳು.

"ಎರಡು ಗಂಟೆಗೆ."

"ಹಾಗಾದ್ರೆ ಎರಡಕ್ಕೆ ಇಲ್ಲಿ ಒಂದ್ಸಲ ಬಂದು ಹೋಗಿ. ಅಷ್ಟರೊಳಗೆ ಬೇರೆ ಹಾಕಿರ್ತೀನಿ."

"ಬೇರೆ ರಸ್ತೆಗೆ ಅನುಮತಿ ಇಲ್ಲ."

"ಬೇರೆ ರಸ್ತೆ ಕೇಳ್ಲಿಲ್ಲ ಸಾರ್."

ಅವರು ಹೋದರು. ಗಾಡಿಗಳನ್ನು ಒಂದೊಂದಾಗಿ ಕೈಹಿಡಿದು ದಾಟಿಸಿದಂತೆ ದಾಟಿಸಿ, ಮತ್ತೆ ಶಂಕುಗಳನ್ನಿಟ್ಟು, ಗೆರೆಯಕ್ಕ ಮಂಡಿಯೂರಿದಳು. ಹಾಕಿದ ಗೆರೆಯನ್ನು ತಾನೇ ತೆಗೆಯುವುದು ಅವಳ ಜೀವಮಾನದಲ್ಲಿ ಮೊದಲು. ಬಣ್ಣಕ್ಕೆ ಬೆಂಕಿ ತೋರಿಸಿ ಮೆತ್ತಗಾಗಿಸಿ, ಅಗಲವಾದ ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು. ಮೂರು ತಾಸಿನ ಹಿಂದೆ ಹಾಕಿದ್ದು ಸುರುಳಿಸುರುಳಿಯಾಗಿ ಎದ್ದುಬಂತು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಎಂದು ಅವಳು ಹೇಳುತ್ತಾಳೆ. ಹೊಗೆ ಗಾಳಿಗೆ ಆಚೆ ಕಡೆ ಹೋಗುತ್ತಿತ್ತು ಎಂದು ಡಬ್ಬಿಯಣ್ಣ ಹೇಳುತ್ತಾನೆ. ಕೊನೆಯ ತುಣುಕನ್ನೂ ಕೆರೆದು, ಪೊರಕೆಯಿಂದ ಗುಡಿಸಿ ಎದ್ದಾಗ ಗಂಟೆ ಹನ್ನೆರಡೂಕಾಲು.

ಎದ್ದಳು ನಿಜ, ಮುಂದೇನು ಎಂಬುದು ಇನ್ನೂ ಹೊಳೆದಿರಲಿಲ್ಲ. ಅತ್ತೆ ಗ್ರಂಥಾಲಯದ ಮುಂದಿನ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿಕೊಂಡು, ಸೊಸೆಯ ಪ್ರತಾಪ ನೋಡಲು ಬೆಳಿಗ್ಗೆಯಿಂದ ಕೂತಿದ್ದರು. ಗೆರೆಯಕ್ಕನ ಗಂಡ ಬುತ್ತಿ ತಂದು ತಾಯಿಯ ಪಕ್ಕದಲ್ಲಿ ನಿಂತಿದ್ದ.

"ಅಲ್ವೇ," ಎಂದರು ಅತ್ತೆ, "ಬಸ್ಸು ಓಡಾಡೋ ಕಡೆನೇ ಹಾರಬೇಕು ಅಂತ ಆ ಜಿಗಿದ ಹುಡುಗ ಬರೆದುಕೊಟ್ಟಿದ್ನಾ? ನನ್ನ ಕಾಲ ಹತ್ರ ಇಷ್ಟು ಉದ್ದ ಜಾಗ ಸುಮ್ನೆ ಬಿದ್ದಿದೆ."

ಗೆರೆಯಕ್ಕ ಅತ್ತೆಯ ಕಾಲ ಹತ್ತಿರ ನೋಡಿದಳು. ಅವಳಿಗೆ ಇಷ್ಟು ವರ್ಷ ಫುಟ್‌ಪಾತ್ ಎಂದರೆ ಡಬ್ಬಿ ಇಡುವ, ಚಹಾ ಕುಡಿಯುವ ಕಟ್ಟೆ; ಅದಕ್ಕೂ ಗೆರೆ ಹಾಕಬಹುದೆಂದು ಬುದ್ಧಿಗೆ ಬಂದಿರಲೇ ಇಲ್ಲ. ಅಲ್ಲಿ ಟೈರೂ ಹತ್ತುವುದಿಲ್ಲ.

"ಅತ್ತೆ, ಕುರ್ಚಿ ಎತ್ತಿ."

"ಒಂದು ಒಳ್ಳೆ ಮಾತು ಹೇಳಿದ್ದಕ್ಕೆ ಎಬ್ಬಿಸ್ತಾಳೆ ನೋಡೋ!"

ಬಿಳಿ, ಹಳದಿ ಎರಡೂ ರಸ್ತೆಯ ಬಣ್ಣ. ಆದ್ದರಿಂದ ಡಬ್ಬಿಯಣ್ಣ ಗೆರೆಯಕ್ಕನ ಮನೆಗೆ ಓಡಿ, ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ತಂದ. ಹಗ್ಗದ ತುದಿ ಗಂಡ ಹಿಡಿದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಹೆಂಡತಿಯ ಹಗ್ಗ ಹಿಡಿದದ್ದು ಅವತ್ತೇ ಮೊದಲು. "ಬಿಗಿ ಸಾಲದು," ಎಂದಳು. ಬಿಗಿ ಮಾಡಿದ. "ಹಗ್ಗ ಓರೆಯಾಗಿದೆ." "ನಿನ್ನ ಕಡೆ," ಎಂದ ಗಂಡ. ಮೂರು ಬೆರಳಗಲದ ಗೆರೆ ಹಾಕಲು ಕೈ ಒಪ್ಪಲಿಲ್ಲ. ಮೊದಲ ಎಳೆತಕ್ಕೇ ಬ್ರಷ್ಷು ಅಗಲಕ್ಕೆ ಹೊರಟಿತು. ಅವಳು ಒರೆಸಿ, ಎರಡು ಬದಿಗೂ ಮರದ ಪಟ್ಟಿ ಒತ್ತಿಟ್ಟು, ಅವುಗಳ ನಡುವೆ ಬ್ರಷ್ಷನ್ನು ಕಾಲುವೆಯಲ್ಲಿ ನೀರು ಬಿಟ್ಟಂತೆ ನಡೆಸಿದಳು. ಎರಡಕ್ಕೆ ಐದು ನಿಮಿಷವಿದ್ದಾಗ ಎರಡು ನೀಲಿ ಗೆರೆಗಳು, ನಡುವೆ '7.82' ಎಂಬ ಅಂಕಿ.

ಸಮಿತಿ ಬಂತು. ವ್ಯಾನು ಈ ಸಲ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇದರಲ್ಲಿ ಕಲೆ ಎಲ್ಲಿದೆ ಮೇಡಂ?" ಎಂದರು ಎಂಜಿನಿಯರು.

ದೊಡ್ಡ ಮೇಡಂ ಮೊದಲ ಗೆರೆಗೆ ಹಿಮ್ಮಡಿ ತಾಗಿಸಿ, ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆದು ಹೋದರು. ಮೂವತ್ತೆರಡು ಪಾದ. ಅಲ್ಲೇ ನಿಂತು, ಈ ಕಡೆಯಿದ್ದ ಎಂಜಿನಿಯರಿಗೆ ಏನೋ ಹೇಳಿದರು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಏನಂದ್ರಿ ಮೇಡಂ? ಕೇಳಿಸ್ತಿಲ್ಲ."

"ಅಷ್ಟು ದೂರ ಅಂದೆ!" ಎಂದು ಮೇಡಂ ಕೂಗಿದರು. "ಒಬ್ಬ ಹುಡುಗ ನೆಲ ಮುಟ್ಟದೆ ಬಂದ ದೂರ. ಬರ್ಕೊಳ್ಳಿ. ಕಾರಂಜಿ ತೆಗೀರಿ, ಆ ಜಾಗಕ್ಕೆ ನೀರಿನ ಪೈಪೇ ಇಲ್ಲ."

ಎಂಜಿನಿಯರು ಬರೆದುಕೊಂಡರು. ಡಬ್ಬಿಯಣ್ಣ ಡಬ್ಬಿಯ ಹಿಂದಿನಿಂದ ಪೂರ್ತಿ ಹೊರಬಂದ. ಗೆರೆಯಕ್ಕ ಮಾತ್ರ ನಗಲಿಲ್ಲ.

"ಕೂಟ ಮುಗಿದ ಮೇಲೆ ಅಳಿಸ್ತೀರಾ ಸಾರ್?"

"ಅದು… ಮೂರು ವರ್ಷ ಇರುತ್ತೆ."

ಅವಳು ಗದ್ದ ಎತ್ತಿದಳು.

"ಐದು."

ಅವಳ ಎಡಗಣ್ಣು ಮುಚ್ಚಿತು. ಎಂಜಿನಿಯರ ಕೈ ತಾನಾಗಿ ಹೋಗಿ ಟೈ ಸರಿಪಡಿಸಿಕೊಂಡಿತು. "ಮತ್ತೆ ಏನಂತ ಬರೀಲಿ?"

"ಫುಟ್‌ಪಾತ್ ಇರೋವರೆಗೆ ಅಂತ ಬರೀರಿ. ಸೀಲೂ ಹಾಕಿ."

ಬರೆದರು. ಸೀಲು ಸೋಮವಾರ ಬಿತ್ತು.

ಕೂಟಕ್ಕೆ ಒಂದು ವಾರವಿದ್ದಾಗ ಗೆರೆಯಕ್ಕ ಗ್ರಂಥಾಲಯದ ಮುಂದೆ ಮಾದರಿಯ ನೀಲಿಯನ್ನು ಉಜ್ಜಿ, ಬಿಸಿಲು ಮಳೆಗೆ ಬಾಳುವ ಗಟ್ಟಿ ಬಣ್ಣದಿಂದ ಮೂರು ಪದರ ಹಾಕಿದಳು. ಇಳಿಯುವ ಗೆರೆಯ ಮೂರನೆಯ ಪದರ ಮುಗಿಸಿ ಬ್ರಷ್ಷು ಒರೆಸುತ್ತಿದ್ದಾಗ ಪತ್ರಿಕೆಯವನೊಬ್ಬ ಬಂದ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಪುಸ್ತಕ, ಮುಖದಲ್ಲಿ ತತ್ತ್ವಜ್ಞಾನ. ಉಕ್ಕಿನ ಮುಷ್ಟಿಯನ್ನೂ ತಲೆಯಿಲ್ಲದ ಓಟಗಾರನನ್ನೂ ಮುಗಿಸಿಕೊಂಡು ಬಂದಿದ್ದ. ಅವನು ಹತ್ತಿರ ಸರಿದು ಗಂಭೀರವಾಗಿ ಕೇಳಿದ: "ಅಮ್ಮಾ, ಮಣ್ಣಿಗಂಟಿದ ಮನುಷ್ಯ ಒಂದು ಕ್ಷಣಕ್ಕಾದರೂ ಮಣ್ಣನ್ನು ಮೀರಬೇಕೆಂಬ ಆದಿಮ ಹಂಬಲವನ್ನು, ಆ ಹಂಬಲದ ಚಿರಸ್ಥಾಯಿ ಹೆಜ್ಜೆಗುರುತನ್ನು ನೀವು ಈ ಗೆರೆಯಲ್ಲಿ ಹಿಡಿದಿಟ್ಟಿದ್ದೀರಿ. ಇದರ ಎದುರು ನಿಂತ ನಮ್ಮಂಥವರಿಗೆ ನೀವು ಹೇಳಬಯಸುವ ಮಾತು ಏನು?"

ಗೆರೆಯಕ್ಕ ಅವನ ಪಾದದ ಕಡೆ ನೋಡಿದಳು.

"ಕಾಲು ತೆಗೀರಿ. ಇನ್ನೂ ಒಣಗಿಲ್ಲ."